ಹಲಗೆಯಲ್ಲಿ ‘ಬೇಡ’ ಕೂಡ ಇರಲಿ: ಕಾಸರಗೋಡಿನ ಶಿಕ್ಷಣ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲೆಯ ಸಾರ್ವಜನಿಕ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ,
ಸಮಗ್ರ ಶಿಕ್ಷಾ ಕೇರಳದ ಜಿಲ್ಲಾ ಕಚೇರಿಗೆ,
ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗಾಗಿ ಬಡ್ಸ್ ಶಾಲೆಗಳನ್ನು ನಡೆಸುವ ನಮ್ಮ ಗ್ರಾಮ ಪಂಚಾಯತುಗಳಿಗೆ,

ಮಾನ್ಯರೇ,

ನಾನು ಕುಂಬಳೆ ಉಪಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಸಂಬಳಕ್ಕೋ ವರ್ಗಾವಣೆಗೋ ಬರೆದ ಪತ್ರ ಇದಲ್ಲ. ನಮ್ಮ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ, ಬೆಳಗ್ಗೆಯಿಂದ ಸಂಜೆವರೆಗೆ ಒಂದೇ ಒಂದು ಮಾತು ಹೇಳಲು ದಾರಿಯಿಲ್ಲದೆ ಮನೆಗೆ ಹೋಗುವ ಮಕ್ಕಳಿದ್ದಾರೆ. ಚಿತ್ರವನ್ನೋ ಅಕ್ಷರವನ್ನೋ ತೋರಿಸಿ ಮಾತಾಡುವ ಹಲಗೆ ಅವರಿಗೆ ಸಿಗಲಿ ಎಂದು ಕೇಳುವ ಪತ್ರ ಇದು. ಸೆರೆಬ್ರಲ್ ಪಾಲ್ಸಿ ಇರುವವರು, ಆಟಿಸಂ ಇರುವವರು, ಬುದ್ಧಿಮಾಂದ್ಯ ಅಂತ ಸರ್ಟಿಫಿಕೇಟಿನಲ್ಲಿ ಬರೆಸಿಕೊಂಡವರು, ಎರಡು ಮೂರು ತೊಂದರೆ ಒಟ್ಟಿಗೆ ಇರುವವರು. ಬಾಯಿಂದ ಮಾತು ಬರುವುದಿಲ್ಲ, ಅಥವಾ ಬಂದರೂ ಅಮ್ಮನಿಗೆ ಮಾತ್ರ ಅರ್ಥವಾಗುತ್ತದೆ.

ಈ ಜಿಲ್ಲೆಗೆ ಇಂಥ ಮಕ್ಕಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ನಮ್ಮದು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ ಎಂದರೆ ಸಾಕು, ಹೊರಗಿನವರಿಗೂ ಗೊತ್ತಾಗುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದು ರಾಜ್ಯ ಸರಕಾರಕ್ಕೆ ಆದೇಶ ಕೊಟ್ಟಿತು. ಹೋರಾಟ ದೊಡ್ಡದೇ, ಅದನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಈ ಮಕ್ಕಳ ಫೋಟೋ ತೆಗೆಯಲು ಎಷ್ಟು ಜನ ಬಂದರು, ಲೆಕ್ಕವಿಲ್ಲ. ಅವರ ಪರವಾಗಿ ಮಾತಾಡಿದವರೂ ತುಂಬಾ ಜನ. ಮಗುವಿನ ಎದುರು ಕೂತು ‘ನಿನಗೆ ಏನು ಹೇಳಬೇಕು?’ ಎಂದು ಕೇಳಿ, ಉತ್ತರ ಹೇಳಲು ಒಂದು ಸಾಧನ ಕೊಟ್ಟವರು ಕಡಿಮೆ. ಹಾಗೆಂದು ಇಂಥ ಮಕ್ಕಳೆಲ್ಲ ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯವರಲ್ಲ. ಪಟ್ಟಿಯಲ್ಲಿ ಇದ್ದವರಿಗೂ ಇಲ್ಲದವರಿಗೂ ಈ ಒಂದು ಕೊರತೆ ಮಾತ್ರ ಸಮ.

ಊಟದ ಹೊತ್ತಿನ ಒಂದು ವಿಷಯ ಹೇಳುತ್ತೇನೆ. ಶಾಲೆಯ ಹೆಸರು ಬೇಡ. ಗಾಲಿ ಕುರ್ಚಿಯಲ್ಲಿ ಕೂತ ಹುಡುಗಿಗೆ ಆಯಾ ಅನ್ನ ಸಾಂಬಾರು ಕಲಸಿ ಚಮಚದಲ್ಲಿ ಕೊಡುತ್ತಿದ್ದರು. ಆಯಾ ಒಳ್ಳೆಯವರು, ಆ ಮಗು ಎಂದರೆ ಅವರಿಗೆ ಜೀವ. ಹುಡುಗಿ ಮುಖ ತಿರುಗಿಸಿದಳು. ‘ಒಂದೇ ತುತ್ತು ಮಗಾ’ ಅಂದರು. ಹಲ್ಲು ಕಚ್ಚಿ ಹಿಡಿದಳು. ‘ಇನ್ನೊಂದೇ ಒಂದು’ ಅಂದರು. ಕೈ ಬೀಸಿದಳು, ಬಟ್ಟಲು ಕೆಳಗೆ ಬಿತ್ತು. ಆ ದಿನದ ಡೈರಿಯಲ್ಲಿ ಬರೆದದ್ದು ‘ಊಟದ ಸಮಯದಲ್ಲಿ ಹಠ. ವರ್ತನೆಯ ಸಮಸ್ಯೆ’ ಎಂದು. ಮೂರು ಸಲ ಮೂರು ರೀತಿಯಲ್ಲಿ ಹೇಳಿದ್ದಾಳೆ, ಪಾಪ. ಕೇಳಿದವರಿಲ್ಲ ಅಷ್ಟೇ.

ಮುಂದಿನ ವಾರ ಬಿ.ಆರ್.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ಸ್ಪೆಷಲ್ ಟೀಚರ್ ಬಂದಾಗ ಊಟದ ಮೇಜಿನ ಮೇಲೆ ನಾಲ್ಕು ಕಾರ್ಡ್ ಅಂಟಿಸಿದರು: ‘ಸಾಕು’, ‘ಇನ್ನೂ ಬೇಕು’, ‘ಇದು ಬೇಡ’, ‘ಬೇರೆ’. ಹುಡುಗಿಗೆ ಕೈಯಿಂದ ತೋರಿಸಲು ಆಗುವುದಿಲ್ಲ, ಕಣ್ಣಿಂದ ತೋರಿಸುತ್ತಾಳೆ. ನೋಡಿದ್ದು ‘ಬೇರೆ’ ಕಾರ್ಡನ್ನು. ಬೇರೆ ಎಂದರೆ ಏನು ಎಂದು ಹುಡುಕಿದರೆ, ಅವಳ ಕಣ್ಣು ಪಕ್ಕದ ಹುಡುಗ ಮನೆಯಿಂದ ತಂದಿದ್ದ ಮಾವಿನ ಮಿಡಿ ಉಪ್ಪಿನಕಾಯಿ ಮೇಲೆ! ಸಾಂಬಾರು ಸಪ್ಪೆಯಾಗಿತ್ತೋ ಏನೋ. ಬರೇ ರಸ ನಾಲಗೆಗೆ ತಾಗಿಸಿದರು, ಊಟ ಮುಗಿಯಿತು. ಖರ್ಚು ನಾಲ್ಕು ತುಂಡು ರಟ್ಟು, ಒಂದಿಷ್ಟು ಗಮ್ ಟೇಪ್.

ಇದಕ್ಕೆ ಎಎಸಿ (ಆಗ್ಮೆಂಟೇಟಿವ್ ಆ್ಯಂಡ್ ಆಲ್ಟರ್ನೇಟಿವ್ ಕಮ್ಯುನಿಕೇಶನ್) ಎಂದು ಹೆಸರು. ಮಾತಿಗೆ ಪೂರಕವಾಗಿ, ಅಥವಾ ಮಾತಿನ ಬದಲಿಗೆ ಬಳಸುವ ಎಲ್ಲ ದಾರಿಗಳೂ ಅದರಲ್ಲಿ ಬರುತ್ತವೆ: ಕಣ್ಣಿನ ಸನ್ನೆ, ಕೈಸನ್ನೆ, ಚಿತ್ರದ ಹಲಗೆ, ಅಕ್ಷರದ ಹಲಗೆ, ಒತ್ತಿದರೆ ಮಾತಾಡುವ ಗುಂಡಿ, ಟ್ಯಾಬ್. ಹೊಸ ವಿಷಯವೇನೂ ಅಲ್ಲ. ಕೆನಡಾದ ಟೊರೊಂಟೊದಲ್ಲಿ 1971ರಲ್ಲೇ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಒಂದೊಂದು ಅರ್ಥಕ್ಕೆ ಒಂದೊಂದು ಗುರುತು ಇರುವ ಬ್ಲಿಸ್ ಚಿಹ್ನೆಗಳ ಹಲಗೆ ಕೊಟ್ಟು ಕಲಿಸಲು ಶುರು ಮಾಡಿದ್ದರು. ನಮ್ಮ ದೇಶದಲ್ಲೂ ಚೆನ್ನೈಯವರ ‘ಆವಾಜ್’, ಐಐಟಿ ಬಾಂಬೆಯ ‘ಜೆಲ್ಲೋ’ ಆ್ಯಪ್‌ಗಳಿವೆ.

ಆದರೆ ನಮ್ಮಲ್ಲಿ ಈಗಲೂ ಕೇಳಿಬರುವ ಮಾತು ಬೇರೆ. ‘ಮೊದಲು ಕೂತುಕೊಳ್ಳಲು ಕಲಿಯಲಿ.’ ‘ಚಿತ್ರ ಗುರುತಿಸಲು ಬರಲಿ, ಆಮೇಲೆ ನೋಡುವ.’ ‘ಬೋರ್ಡ್ ಕೊಟ್ಟರೆ ಸೋಮಾರಿಯಾಗಿ ಮಾತೇ ಆಡಲಿಕ್ಕಿಲ್ಲ.’ ಮೂರನೇ ಹೆದರಿಕೆ ಅಪ್ಪ ಅಮ್ಮಂದಿರಿಗೆ ಜಾಸ್ತಿ, ಅವರನ್ನು ದೂರುವಂತಿಲ್ಲ. ಅದಕ್ಕೆ ಉತ್ತರ ಸಿಕ್ಕಿ ತುಂಬಾ ಕಾಲ ಆಯಿತು. ಮಿಲ್ಲರ್, ಲೈಟ್, ಷ್ಲೋಸರ್ ಎಂಬ ಮೂವರು 2006ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರಿಗೂ ಎಎಸಿಯಿಂದ ಇದ್ದ ಮಾತು ಕಡಿಮೆ ಆಗಲಿಲ್ಲ. ನೂರಕ್ಕೆ 89 ಜನರ ಮಾತು ಹೆಚ್ಚಿತು. ಹೆಚ್ಚಿದ್ದು ಸ್ವಲ್ಪವೇ ಇರಬಹುದು, ಆದರೆ ಕೆಟ್ಟದ್ದಾಗಲಿಲ್ಲ.

ಮೊದಲೆರಡು ಮಾತುಗಳಿಗೆ ನನ್ನ ಉತ್ತರ ಸುಲಭ. ಬೇರೆ ಮಕ್ಕಳಿಗೆ ನಾವು ಪರೀಕ್ಷೆ ಮಾಡಿ ಮಾತು ಕೊಟ್ಟದ್ದಾ? ಹುಟ್ಟಿದ ದಿನದಿಂದ ಅವರ ಕಿವಿಗೆ ಮಾತು ಸುರಿಯುತ್ತೇವೆ. ಅವು ವರ್ಷವಾದ ಮೇಲೆ ಒಂದು ‘ಅಮ್ಮ’ ಹೇಳುತ್ತವೆ. ಹಲಗೆಯಲ್ಲಿ ಮಾತಾಡಬೇಕಾದ ಮಗುವಿಗೆ ಮಾತ್ರ ಯಾರೂ ಹಲಗೆಯಲ್ಲಿ ಮಾತಾಡಿ ತೋರಿಸುವುದಿಲ್ಲ. ಎದುರಿಗೆ ಹಿಡಿದು ‘ನೀರು ಎಲ್ಲಿ ತೋರಿಸು?’ ಎಂದು ಪರೀಕ್ಷೆ ಮಾಡುತ್ತೇವೆ. ನಾಲ್ಕು ದಿನ ಮಾಡಿ, ಇವನಿಗೆ ಆಗುವುದಿಲ್ಲ ಎಂದು ಕಪಾಟಿನಲ್ಲಿ ಇಡುತ್ತೇವೆ.

ಆಗಬೇಕಾದದ್ದು ಉಲ್ಟಾ. ಟೀಚರ್ ಮಾತಾಡುವಾಗ ತಾನೇ ಹಲಗೆ ಮುಟ್ಟುತ್ತಾ ಮಾತಾಡಬೇಕು. ‘ಮಳೆ ಬಂತು, ಒಳಗೆ ಹೋಗುವ’ ಎನ್ನುವಾಗ ‘ಮಳೆ’, ‘ಒಳಗೆ’, ‘ಹೋಗು’ ಮುಟ್ಟಬೇಕು. ಮಗು ಏನೂ ಮಾಡದಿದ್ದರೂ ಪರವಾಗಿಲ್ಲ. ತಿಂಗಳುಗಟ್ಟಲೆ ಹೀಗೇ ನಡೆಯಬೇಕು. ಪ್ರಶ್ನೆ ಕೇಳಿದ ಮೇಲೆ ಮನಸ್ಸಲ್ಲೇ ಹತ್ತರವರೆಗೆ ಎಣಿಸುತ್ತಾ ಸುಮ್ನೆ ಕಾಯಬೇಕು. ನಮಗೆ ಟೀಚರುಗಳಿಗೆ ಅತಿ ಕಷ್ಟದ ಕೆಲಸ ಇದೇ, ಸುಮ್ಮನಿರುವುದು!

ಇನ್ನು ಹಲಗೆಯಲ್ಲಿ ಏನಿರಬೇಕು? ನಾನು ನೋಡಿದ ಹೆಚ್ಚಿನ ಚಾರ್ಟುಗಳಲ್ಲಿ ಇರುವುದು ಊಟ, ನೀರು, ಮೂತ್ರ, ನಿದ್ದೆ, ನೋವು. ಆಸ್ಪತ್ರೆ ವಾರ್ಡಿನ ಬೋರ್ಡಿನ ಹಾಗೆ. ಇದರಲ್ಲಿ ಯಾವ ಮಗುವಿಗೆ ಮಾತಾಡಬೇಕು ಅನಿಸುತ್ತದೆ ಹೇಳಿ. ನಾವು ದಿನವಿಡೀ ಆಡುವ ಮಾತಿನ ಬಹುಪಾಲು ಕೆಲವೇ ನೂರು ಪದಗಳು, ಅವೂ ಹೆಚ್ಚಾಗಿ ವಸ್ತುಗಳ ಹೆಸರಲ್ಲ: ನಾನು, ನೀನು, ಅದು, ಬಾ, ಹೋಗು, ಕೊಡು, ನೋಡು, ಆಯ್ತು, ಇಲ್ಲ, ಬೇಡ, ಯಾಕೆ, ಎಲ್ಲಿ, ಇನ್ನೂ. ಈ ಪದಗಳಿದ್ದರೆ ಮಗು ಕರೆಯಬಹುದು, ಬೇಡ ಅನ್ನಬಹುದು, ಚಾಡಿ ಹೇಳಬಹುದು, ತಮಾಷೆ ಮಾಡಬಹುದು.

ಅದರ ಮೇಲೆ ಅವರವರ ಬದುಕಿನ ಪದಗಳು. ಎಲ್ಲಿಂದಲೋ ಇಳಿಸಿಕೊಂಡ ಚಾರ್ಟಿನಲ್ಲಿ ಪಿಜ್ಜಾ, ಸ್ಯಾಂಡ್‌ವಿಚ್ ಇರುತ್ತದೆ. ನಮ್ಮ ಮಕ್ಕಳಿಗೆ ನೀರು ದೋಸೆ ಬೇಕು, ಗಂಜಿ ಬೇಕು, ಚೆಂಡೆ ಬೇಕು, ಆಟ ಬೇಕು. ಆಟ ಎಂದರೆ ಯಕ್ಷಗಾನ, ಪಾರ್ತಿಸುಬ್ಬನ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಸ್ಪೇನ್ ದೇಶದ ಆರಗಾನ್ ಪ್ರಾಂತ್ಯದ ಸರಕಾರ ‘ಅರಸಾಕ್’ ಎಂಬ ಹೆಸರಿನಲ್ಲಿ ಸಾವಿರಾರು ಚಿತ್ರಗಳನ್ನು ವ್ಯಾಪಾರ ಮಾಡದವರಿಗೆ ಉಚಿತವಾಗಿ ಕೊಟ್ಟಿದೆ. ಅದನ್ನು ತೆಗೆದುಕೊಂಡು ಕೆಳಗೆ ನಮ್ಮ ಪದ ಬರೆದರಾಯಿತು. ಅದರಲ್ಲಿ ಸಿಗದ್ದಕ್ಕೆ ಮೊಬೈಲಲ್ಲಿ ಫೋಟೋ ತೆಗೆಯಬಹುದು.

ಭಾಷೆಯ ಮಾತು ಬಂತು. ಸಪ್ತಭಾಷೆಗಳ ನಾಡು ಎಂದು ನಾವು ಭಾಷಣ ಮಾಡುತ್ತೇವೆ. ಈ ಮಕ್ಕಳ ವಿಷಯದಲ್ಲಿ ಅದು ಬಲುಭಾರ. ಮನೆಯಲ್ಲಿ ತುಳು ಅಥವಾ ಹವ್ಯಕ ಅಥವಾ ಬ್ಯಾರಿ, ತರಗತಿಯಲ್ಲಿ ಕನ್ನಡ, ಸ್ಪೀಚ್ ಥೆರಪಿ ಮಲಯಾಳದಲ್ಲಿ, ಚಾರ್ಟಿನ ಪದ ಇಂಗ್ಲಿಷಿನಲ್ಲಿ. ಥೆರಪಿಯಲ್ಲಿ ಅಷ್ಟಿಷ್ಟು ಕಲಿತದ್ದನ್ನು ಮನೆಯಲ್ಲಿ ಅಜ್ಜಿಯ ಹತ್ತಿರ ಬಳಸಲು ಆಗುವುದಿಲ್ಲ. ಥೆರಪಿಸ್ಟರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಬರುವ ಭಾಷೆಯಲ್ಲಿ ಅವರು ಕಲಿಸುತ್ತಾರೆ. ಸಿಟ್ಟು ಇರುವುದು ಇನ್ನೊಂದು ಸಲಹೆಯ ಮೇಲೆ. ‘ಮಗುವಿಗೆ ಗೊಂದಲ ಆಗುತ್ತದೆ, ಮನೆಯಲ್ಲೂ ಒಂದೇ ಭಾಷೆ ಮಾತಾಡಿ, ಮಲಯಾಳವೇ ಮಾತಾಡಿ’ ಎಂದು ತಾಯಂದಿರಿಗೆ ಹೇಳಿ ಕಳಿಸುತ್ತಾರೆ. ತನಗೇ ಸರಿಯಾಗಿ ಬಾರದ ಭಾಷೆಯಲ್ಲಿ ತಾಯಿ ಎಷ್ಟು ಮಾತಾಡಿಯಾಳು? ಮನೆಯೇ ಮೌನವಾಗುತ್ತದೆ. ಕೆನಡಾದಲ್ಲಿ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಅಧ್ಯಯನವೊಂದು 2005ರಲ್ಲಿ ಬಂತು. ಎರಡು ಭಾಷೆಗಳ ನಡುವೆ ಬೆಳೆದವರು ಇಂಗ್ಲಿಷಿನಲ್ಲಿ ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ಎರಡು ಭಾಷೆಯಿಂದ ಹಾಳಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹಲಗೆ ಮನೆಮಾತಿನಲ್ಲಿ ಇರಲಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮಲಯಾಳವೂ ಇರಲಿ. ಬಸ್ಸಿನ ಕಂಡಕ್ಟರಿಗೂ ಓದಲು ಆಗಬೇಕಲ್ಲ.

ಅಕ್ಷರದ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಇದು ನನ್ನ ಇಷ್ಟದ ವಿಷಯ. ಚಿತ್ರ ಎಷ್ಟೇ ಇಟ್ಟರೂ ಅದು ನಾವು ಆರಿಸಿಕೊಟ್ಟ ಮಾತು. ಅಕ್ಷರ ಸಿಕ್ಕರೆ ಮಾತ್ರ ಮಗು ನಾವು ಊಹಿಸದ್ದನ್ನೂ ಹೇಳಬಲ್ಲದು. ಇಂಗ್ಲಿಷಿನಲ್ಲಿ 26 ಅಕ್ಷರ, ನಮ್ಮದು 49, ಮೇಲೆ ಕಾಗುಣಿತ, ಒತ್ತಕ್ಷರ. ಬೆರಳು ಆಡದ ಮಗುವಿಗೆ ಇಷ್ಟು ಅಕ್ಷರಗಳಲ್ಲಿ ಒಂದನ್ನು ತೋರಿಸುವುದು ಹೇಗೆ? ದಾರಿ ನಮ್ಮ ವರ್ಣಮಾಲೆಯಲ್ಲೇ ಇದೆ. ಕ ಖ ಗ ಘ ಙ ಒಂದು ಸಾಲು, ಚ ಛ ಜ ಝ ಞ ಇನ್ನೊಂದು ಸಾಲು, ಹೀಗೆ ಐದೈದರ ಐದು ಸಾಲು ಸಿದ್ಧವಾಗಿಯೇ ಇವೆ. ಸ್ವರಗಳಿಗೆ ಎರಡು ಸಾಲು, ಯ ರ ಲ ವದಿಂದ ಮುಂದಿನದಕ್ಕೆ ಇನ್ನೆರಡು. ಟೀಚರ್ ಒಂದೊಂದೇ ಸಾಲಿಗೆ ಬೆರಳಿಟ್ಟು ಕೇಳುತ್ತಾ ಹೋಗಬೇಕು: ‘ಈ ಸಾಲಾ? ಈ ಸಾಲಾ?’ ಹೌದು ಎಂದಾದರೆ ಮಗು ಕಣ್ಣು ಮೇಲೆತ್ತುತ್ತದೆ. ಆಮೇಲೆ ಆ ಸಾಲಿನ ಒಳಗೆ ಒಂದೊಂದೇ ಅಕ್ಷರ. ‘ಅಜ್ಜಿ’ ಎಂದು ಬರೆಯಲು ಒಂದು ಹುಡುಗ ಆರಿಸಿದ್ದು ಅ, ಜ, ಇ. ಒತ್ತು ಹಾಕಲಿಲ್ಲ. ಒತ್ತು ಎಲ್ಲಿ ಎಂದು ಕೇಳುವ ಟೀಚರಿಗೆ ನಾನು ಕೈ ಮುಗಿಯುತ್ತೇನೆ. ಅಜ್ಜಿಯ ವಿಷಯ ಏನು ಎಂದು ಕೇಳಿ ಮೊದಲು!

ಕಣ್ಣು ಸರಿ ಕಾಣದ ಮಕ್ಕಳಿಗೆ ಇದನ್ನೇ ಬಾಯಲ್ಲಿ ಹೇಳುತ್ತಾ ಮಾಡಬಹುದು. ನಮ್ಮ ಜಿಲ್ಲೆಗೆ ಇನ್ನೊಂದು ಲಾಭವೂ ಇದೆ. ಮಲಯಾಳದ ವರ್ಗಾಕ್ಷರಗಳದ್ದೂ ಇದೇ ಕ್ರಮ. ಕನ್ನಡ ಲಿಪಿ ಬಾರದ ಸ್ಪೆಷಲ್ ಟೀಚರ್ ಕೂಡ ಎರಡನೇ ಸಾಲಿನ ಮೂರನೆಯದು ‘ಜ’ ಎಂದು ತಿಳಿದುಕೊಳ್ಳಬಹುದು.

ಒಂದು ಎಚ್ಚರಿಕೆ. ಮಗುವಿನ ಕೈಯನ್ನೋ ಮೊಣಕೈಯನ್ನೋ ದೊಡ್ಡವರು ಹಿಡಿದುಕೊಂಡು ಅಕ್ಷರ ಒತ್ತಿಸುವ ಒಂದು ಪದ್ಧತಿ ಇದೆ. ನೋಡಿದರೆ ಪವಾಡದ ಹಾಗೆ ಕಾಣುತ್ತದೆ. ಪರೀಕ್ಷೆ ಮಾಡಿದಾಗೆಲ್ಲ ಬಂದ ಮಾತು ಕೈ ಹಿಡಿದವರದ್ದೇ ಎಂದು ಗೊತ್ತಾಗಿದೆ. ಅಮೆರಿಕದ ವಾಕ್‌ಶ್ರವಣ ತಜ್ಞರ ಸಂಘ 2018ರಲ್ಲಿ ಇದನ್ನು ಬಳಸಲೇಬಾರದು ಎಂದಿದೆ. ತರಬೇತಿಯ ಹೆಸರಿನಲ್ಲಿ ಅದು ನಮ್ಮಲ್ಲಿಗೆ ಬಂದರೆ ಬಾಗಿಲಿನಿಂದಲೇ ವಾಪಸು ಕಳಿಸಿ. ಮಾತು ಮಗುವಿನದ್ದೇ ಆಗಿರಬೇಕು.

ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಬರೆದು ಇಡುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಂವಹನ ಎಂಬುದರ ವ್ಯಾಖ್ಯೆಯಲ್ಲೇ ಎಎಸಿ ಇದೆ. 17ನೇ ಸೆಕ್ಷನ್ ಮಾತಿನ ತೊಂದರೆ ಇರುವವರ ದಿನನಿತ್ಯದ ಸಂವಹನಕ್ಕೆ ಇಂಥ ಸಾಧನಗಳನ್ನು ಪ್ರೋತ್ಸಾಹಿಸಬೇಕೆಂದು ಸರಕಾರಕ್ಕೆ ಹೇಳುತ್ತದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಇರಬೇಕು ಎನ್ನುತ್ತದೆ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದಾಗ ನಾವು ಬೀದಿಗಿಳಿದದ್ದು ಇದೇ ಧೈರ್ಯದಿಂದ. ಬಾಯಿ ಬಾರದ ಕನ್ನಡದ ಮಗುವೂ ಆ ವಿಧಿಯ ಒಳಗೇ ಇದೆ. ನಮ್ಮ ಹೋರಾಟಗಾರರಿಗೂ ಇದನ್ನು ನೆನಪಿಸುತ್ತಿದ್ದೇನೆ. 2021ರಲ್ಲಿ ಸುಪ್ರೀಂ ಕೋರ್ಟ್ ಸ್ಪೆಷಲ್ ಟೀಚರುಗಳ ಲೆಕ್ಕ ಹೇಳಿತು: ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು. ನಮ್ಮಲ್ಲಿ ಒಬ್ಬರೇ ಹಲವು ಶಾಲೆ ಸುತ್ತುತ್ತಾರೆ, ನಡುವೆ ಮನೆ ಭೇಟಿ, ನಡುವೆ ಆನ್‌ಲೈನ್ ಎಂಟ್ರಿ. ಅವರಲ್ಲಿ ಕನ್ನಡ ಬಲ್ಲವರು ಎಷ್ಟು ಮಂದಿ ಎಂದು ನಿಮ್ಮ ಕಡತದಲ್ಲೇ ಇರುತ್ತದೆ.

ಈಗ ಬೇಡಿಕೆಗೆ ಬರುತ್ತೇನೆ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಕಾಸರಗೋಡು, ಕುಂಬಳೆ, ಮಂಜೇಶ್ವರ ಉಪಜಿಲ್ಲೆಗಳ ಪ್ರತಿ ಶಾಲೆಗೂ ಪ್ರತಿ ಬಡ್ಸ್ ಶಾಲೆಗೂ ಕನ್ನಡದಲ್ಲಿ ಒಂದು, ತುಳುವಿನಲ್ಲಿ ಒಂದು ಹಲಗೆ ಬರಲಿ. ಹೊಳೆಯುವ ಲ್ಯಾಮಿನೇಶನ್ ಬೇಡ, ಟ್ಯೂಬ್‌ಲೈಟ್ ಬೆಳಕಿಗೆ ಚಿತ್ರ ಕಾಣುವುದಿಲ್ಲ. ಗೋಡೆಗೆ ಒಂದು ದೊಡ್ಡದು, ಮಗುವಿನ ಹತ್ತಿರ ಒಂದು, ಅಡುಗೆ ಕೋಣೆಯ ಹತ್ತಿರ ಒಂದು. ತರಬೇತಿ ಕೊಡುವಾಗ ಸ್ಪೆಷಲ್ ಟೀಚರನ್ನು ಮಾತ್ರ ಕರೆಯಬೇಡಿ. ಆಯಾ, ಅಡುಗೆಯವರು, ಬಡ್ಸ್ ಶಾಲೆಯ ವ್ಯಾನಿನ ಡ್ರೈವರಣ್ಣ, ತರಗತಿ ಟೀಚರ್, ತಾಯಿ ಎಲ್ಲರೂ ಬರಲಿ. ಮಗು ದಿನವಿಡೀ ಇರುವುದು ಅವರ ಜೊತೆ.

ಕಲಿಸುವವರು ಎಲ್ಲಿ ಸಿಗುತ್ತಾರೆ ಎಂದು ಕೇಳಬಹುದು. 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ರಾಜ್ಯದ ಗಡಿ ತಲಪಾಡಿ ದಾಟಿದರೆ ಮಂಗಳೂರಿನಲ್ಲೇ ಈ ವಿಷಯದ ಕಾಲೇಜುಗಳಿವೆ, ಕನ್ನಡ ತುಳು ಎರಡೂ ಬಲ್ಲ ವಿದ್ಯಾರ್ಥಿಗಳಿದ್ದಾರೆ. ರೋಗಿಗಳನ್ನು ಆ ಗಡಿ ದಾಟಿಸಿ ನಮಗೆ ಅಭ್ಯಾಸವಿದೆ, ತಜ್ಞರನ್ನು ಈಚೆಗೆ ಕರೆತರಲು ಏನು ಅಡ್ಡಿ?

ಸಲಕರಣೆ ಕೊಡುವುದಾದರೆ ಮಗುವಿಗೆ ಕೊಡಿ, ಸ್ಟಾಕ್ ರಿಜಿಸ್ಟರಿಗಲ್ಲ. ಒತ್ತಿದರೆ ಮಾತಾಡುವ ಗುಂಡಿಯೊಂದು ಕಳೆದುಹೋಗುತ್ತದೆ ಎಂಬ ಹೆದರಿಕೆಯಿಂದ ಆಫೀಸಿನ ಬೀರುವಿನಲ್ಲಿ ಪ್ಲಾಸ್ಟಿಕ್ ಸಮೇತ ಕೂತದ್ದನ್ನು ನಾನು ಕಂಡಿದ್ದೇನೆ. ಕೀಲಿ ಎಚ್.ಎಂ. ಹತ್ತಿರ, ಎಚ್.ಎಂ. ಮೀಟಿಂಗಿನಲ್ಲಿ. ಬೇರೆ ಕಡೆ ಅದೇ ಗುಂಡಿ ಏನು ಮಾಡಿತು ಗೊತ್ತಾ? ಮೂರನೇ ತರಗತಿಯ ಒಬ್ಬ ಹುಡುಗನಿಗೆ ಕೊಟ್ಟರು. ಅವನದೇ ವಯಸ್ಸಿನ ಗೆಳೆಯ ‘ಪ್ರೆಸೆಂಟ್ ಟೀಚರ್’ ಎಂದು ರೆಕಾರ್ಡ್ ಮಾಡಿದ. ದೊಡ್ಡವರ ಸ್ವರದಲ್ಲಿ ಮಾಡಬಾರದು, ಮಗುವಿಗೆ ಅದು ತನ್ನ ಮಾತು ಅನಿಸುವುದಿಲ್ಲ. ಹಾಜರಿ ಕರೆಯುವಾಗ ತಲೆಯನ್ನು ಪಕ್ಕಕ್ಕೆ ವಾಲಿಸಿ ಒತ್ತುತ್ತಿದ್ದ. ಒಂದು ವಾರ ಕಳೆದ ಮೇಲೆ ಗೆಳೆಯರು ಸೇರಿ ಗುಟ್ಟಾಗಿ ರೆಕಾರ್ಡಿಂಗ್ ಬದಲಿಸಿದರು. ಹೆಸರು ಕರೆದರೆ ಬಂದದ್ದು ‘ಇವತ್ತು ಹೋಮ್‌ವರ್ಕ್ ಕೊಡ್ಬೇಡಿ ಟೀಚರ್.’ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಮನೆಯಲ್ಲೇ ಇರುವ ಮಕ್ಕಳನ್ನು ಮರೆಯಬೇಡಿ. ಶಾಲೆಗೆ ಬರಲಾಗದವರ ಮನೆಗೆ ತರಗತಿಯ ಮಕ್ಕಳು ಹೋಗುವ ‘ಚಙ್ಙಾತಿಕ್ಕೂಟ್ಟಂ’ ನಮ್ಮ ರಾಜ್ಯದ ಒಳ್ಳೆಯ ಕಾರ್ಯಕ್ರಮ. ಹಾಡುತ್ತಾರೆ, ಕೇಕ್ ಕತ್ತರಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಹೋಗುವಾಗ ಒಂದು ಹಲಗೆಯನ್ನೂ ಒಯ್ದು ಅಲ್ಲೇ ಬಿಟ್ಟು ಬರಲಿ. ಮಕ್ಕಳು ಅದರಲ್ಲಿ ಮಾತಾಡಲು ನಮಗಿಂತ ಬೇಗ ಕಲಿಯುತ್ತಾರೆ.

ಕೊನೆಯದಾಗಿ ನಿಮ್ಮ ಫಾರ್ಮುಗಳು. ಪ್ರತಿ ಮಗುವಿಗೂ ವೈಯಕ್ತಿಕ ಕಲಿಕಾ ಯೋಜನೆ ಬರೆಯುತ್ತೇವೆ. ಹೇಳಿದ ಹಾಗೆ ಕೇಳುತ್ತಾನಾ? ಎಷ್ಟು ಹೊತ್ತು ಕೂತುಕೊಳ್ಳುತ್ತಾಳೆ? ಬಣ್ಣ ಗುರುತಿಸುತ್ತಾನಾ? ತುಂಬಿಸುವುದು ಹೆಚ್ಚಾಗಿ ಇವನ್ನೇ. ಅದಕ್ಕೆ ಒಂದೇ ಒಂದು ಸಾಲು ಸೇರಿಸಿ: ‘ಈ ತಿಂಗಳು ಈ ಮಗು ತಾನಾಗಿ ಏನು ಹೇಳಿತು, ಯಾರಿಗೆ, ಹೇಗೆ?’ ಖಾಲಿ ಬಿಡುವಂತಿಲ್ಲ ಎಂದು ಬರೆಯಿರಿ. ಆ ಸಾಲು ತುಂಬಿಸಬೇಕಾದರೆ ನಾವೆಲ್ಲ ಕೇಳಿಸಿಕೊಳ್ಳಲೇಬೇಕಾಗುತ್ತದೆ.

ನಾವು ಕೆಲವು ಟೀಚರುಗಳು ಸೇರಿ ಕನ್ನಡದ ಹಲಗೆಯ ಒಂದು ಕರಡು ಮಾಡಿದ್ದೇವೆ, ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಚಿತ್ರಗಳ ಅಳತೆ, ಪದಗಳ ಜಾಗ ಬದಲಿಸಬೇಕಾದರೆ ಬದಲಿಸಿ. ಬಲಗಡೆ ಕೆಳಗಿನ ಮೂಲೆಯಲ್ಲಿ ‘ಹೋಗು ಮಾರಾಯ’ ಎಂದು ಒಂದಿದೆ. ಅದು ಮಕ್ಕಳೇ ಕೇಳಿ ಹಾಕಿಸಿದ್ದು. ದಯವಿಟ್ಟು ಅದನ್ನು ಮಾತ್ರ ತೆಗೆಯಬೇಡಿ.

ಇತಿ,
ಕುಂಬಳೆ ಉಪಜಿಲ್ಲೆಯ ಒಬ್ಬಳು ಕನ್ನಡ ಅಧ್ಯಾಪಿಕೆ